ಒಂದೇ ಊರಲ್ಲಿದ್ದರೆ ಸಾಲದು: ಪೂರ್ವಗ್ರಹ ಬೆಳೆಯುವ ಬಗೆ, ಕುಗ್ಗುವ ಬಗೆ

ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬ ಮಾತಿಗೂ ಮೊದಲು ಮನೆಯ ಮಾಲೀಕರು ಕೇಳುವುದು "ನಿಮ್ಮ ಅಡ್ಡಹೆಸರೇನ್ರೀ?" ಎಂದು. ಅಡ್ಡಹೆಸರಿನಿಂದ ಜಾತಿ ತಿಳಿಯದೆ ಹೋದರೆ "ಯಾರ ಪೈಕಿ?" ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಉತ್ತರ ಒಪ್ಪಿಗೆಯಾಗದಿದ್ದರೆ, ಮನೆ ಈಗಾಗಲೇ ಬೇರೆಯವರಿಗೆ ಮಾತಾಗಿದೆ ಎಂದು ಹೇಳಿ ಕಳುಹಿಸುತ್ತಾರೆ. ಯಾರೂ ಗದರುವುದಿಲ್ಲ, ಚಹಾ ಕುಡಿದು ಹೋಗಿ ಎನ್ನುವವರೂ ಇರುತ್ತಾರೆ. ಪೂರ್ವಗ್ರಹವೆಂದರೆ ಕೆಟ್ಟ ಮನುಷ್ಯರ ಕೆಟ್ಟ ಗುಣ ಎಂದು ನಂಬಿರುವವರಿಗೆ ಈ ಸೌಜನ್ಯವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಆ ಮಾಲೀಕರು ಕ್ರೂರಿಗಳಲ್ಲ, ಮಗಳ ಮದುವೆಯಲ್ಲಿ ಎಲ್ಲರನ್ನೂ ಕರೆದು ಊಟಕ್ಕೆ ಹಾಕಿದವರೇ. ಆದರೂ ತಾವು ಎಂದೂ ಕಾಣದ ವ್ಯಕ್ತಿಯ ಬಗ್ಗೆ, ಆತ ಹುಟ್ಟಿದ ಗುಂಪೊಂದನ್ನೇ ಆಧಾರವಾಗಿಟ್ಟುಕೊಂಡು, ಅವರು ತೀರ್ಮಾನ ಮಾಡಿ ಮುಗಿಸಿದ್ದಾರೆ. ಸಂಬಂಧವೇ ಇಲ್ಲದೆ ಮುಗಿದುಹೋಗುವ ಈ ತೀರ್ಮಾನ ಎಲ್ಲಿಂದ ಬರುತ್ತದೆ, ಯಾಕೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ಅದು ಕುಗ್ಗುವುದು ನಿಜಕ್ಕೂ ಎಂತಹ ಸಂದರ್ಭದಲ್ಲಿ ಎಂಬುದನ್ನು ಕಳೆದ ಎಪ್ಪತ್ತು ವರ್ಷಗಳ ಸಂಶೋಧನೆ ಸಾಕಷ್ಟು ಬಿಡಿಸಿ ಹೇಳಿದೆ.

ಮೊದಲಿಗೆ, ಒಂದರೊಳಗೊಂದು ಬೆರೆತುಹೋಗಿರುವ ಮೂರು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಗುಂಪಿನವರೆಲ್ಲ ಹೀಗೆಯೇ ಇರುತ್ತಾರೆ ಎಂಬ ಸಿದ್ಧ ಚಿತ್ರ ತಲೆಯಲ್ಲಿರುತ್ತದೆ. ಆ ಚಿತ್ರಕ್ಕೆ ಅಂಟಿಕೊಂಡ ಅಸಹ್ಯ, ಭಯ ಅಥವಾ ತಾತ್ಸಾರವೇ ಪೂರ್ವಗ್ರಹ. ಆ ಭಾವನೆಯ ಬಲದಿಂದ ಮನೆ ಕೊಡದಿರುವುದು, ಕೆಲಸ ಕೊಡದಿರುವುದು, ಪಂಕ್ತಿಯಲ್ಲಿ ಕೂರಿಸದಿರುವುದು ತಾರತಮ್ಯ. ಸಾಮಾನ್ಯವಾಗಿ ಚಿತ್ರದಿಂದ ಭಾವನೆ, ಭಾವನೆಯಿಂದ ನಡತೆ ಎಂದು ಭಾವಿಸುತ್ತೇವೆ. ಎಷ್ಟೋ ಸಲ ಕ್ರಮ ತಿರುವುಮುರುವಾಗಿರುತ್ತದೆ: ಒಂದು ಗುಂಪನ್ನು ಊರ ಹೊರಗಿಟ್ಟಿರುವ ವ್ಯವಸ್ಥೆ ಮೊದಲೇ ಇರುತ್ತದೆ, ಅದನ್ನು ಸಮರ್ಥಿಸಿಕೊಳ್ಳುವುದಕ್ಕೆ ಬೇಕಾದ ಚಿತ್ರವನ್ನು ಆಮೇಲೆ ಬರೆದುಕೊಳ್ಳಲಾಗುತ್ತದೆ.

ಗುಂಪು ಕಟ್ಟಿಕೊಳ್ಳುವ ಪ್ರವೃತ್ತಿ ಎಷ್ಟು ಸುಲಭವಾಗಿ ಕೆರಳುತ್ತದೆ ಎಂಬುದನ್ನು ಹೆನ್ರಿ ತಾಜ್‌ಫೆಲ್ 1970ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಳಾಗಿದ್ದು, ಹಿಂತಿರುಗುವ ಹೊತ್ತಿಗೆ ತನ್ನವರನ್ನೆಲ್ಲ ಕಳೆದುಕೊಂಡಿದ್ದ ಈ ಮನೋವಿಜ್ಞಾನಿಗೆ ಗುಂಪುಗಳ ನಡುವಿನ ದ್ವೇಷ ಕೇವಲ ಪುಸ್ತಕದ ವಿಷಯವಾಗಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾ ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಯಾರ ಚಿತ್ರ ಇಷ್ಟವಾಯಿತು ಎಂಬುದರ ಮೇಲೆ ನಿಮ್ಮನ್ನು ಎರಡು ಗುಂಪು ಮಾಡಿದ್ದೇವೆ ಎಂದು ತಿಳಿಸಲಾಯಿತು. ವಾಸ್ತವದಲ್ಲಿ ಗುಂಪುಗಳನ್ನು ಮನಸ್ಸಿಗೆ ಬಂದಂತೆ ಮಾಡಲಾಗಿತ್ತು. ಹುಡುಗರಿಗೆ ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂಬುದು ಗೊತ್ತಿರಲಿಲ್ಲ, ಹಳೆಯ ಜಗಳವಿರಲಿಲ್ಲ, ಹಂಚಿದ ಹಣದಲ್ಲಿ ತಮಗೇನೂ ದಕ್ಕುತ್ತಿರಲಿಲ್ಲ. ಆದರೂ ಅವರು ತಮ್ಮ ಗುಂಪಿನವರಿಗೆ ಹೆಚ್ಚು ಹಂಚಿದರು. ತಮ್ಮವರಿಗೆ ಸಿಗುವ ಮೊತ್ತ ಸ್ವಲ್ಪ ಕಡಿಮೆಯಾದರೂ ಅಡ್ಡಿಯಿಲ್ಲ, ಎದುರಿನವರಿಗಿಂತ ಎಷ್ಟು ಮೇಲಿದ್ದೇವೆ ಎಂಬ ಅಂತರವೇ ಮುಖ್ಯ ಎಂಬಂತೆ ಅವರಲ್ಲಿ ಹಲವರು ನಡೆದುಕೊಂಡರು. ಕೆಲವು ನಿಮಿಷಗಳ ಹಿಂದೆ ಹುಟ್ಟಿದ, ಅರ್ಥವೇ ಇಲ್ಲದ ಗುಂಪಿಗೆ ಇಷ್ಟು ನಿಷ್ಠೆ ಮೂಡುವುದಾದರೆ, ಶತಮಾನಗಳಿಂದ ಹೆಸರು, ಉದ್ಯೋಗ, ಮದುವೆ, ಕೇರಿ, ಬಾವಿ, ಸ್ಮಶಾನಗಳೆಲ್ಲವನ್ನೂ ಹಂಚಿಕೊಂಡು ನಿಂತಿರುವ ಜಾತಿ ಮತ್ತು ಮತಗಳ ಹಿಡಿತ ಎಷ್ಟಿರಬೇಕು ಎಂಬುದನ್ನು ಊಹಿಸಬಹುದು.

ಹುಟ್ಟಿದ ಪೂರ್ವಗ್ರಹ ಸಾಕ್ಷ್ಯ ಎದುರಾದಾಗಲೂ ಸಾಯುವುದಿಲ್ಲ, ಯಾಕೆಂದರೆ ಸಾಕ್ಷ್ಯವನ್ನು ಓದುವ ಕಣ್ಣೇ ಅದರದಾಗಿರುತ್ತದೆ. ತಾಂಡಾದ ಹುಡುಗಿಯೊಬ್ಬಳು ತರಗತಿಗೆ ಮೊದಲಿಗಳಾದರೆ "ನೀ ಅವರಂಗಲ್ಲ ಬಿಡವ್ವಾ" ಎಂದು ಮೆಚ್ಚುಗೆ ಸೂಚಿಸುವ ಮೇಷ್ಟ್ರು, ಅವಳನ್ನು ಅವಳ ಗುಂಪಿನಿಂದ ಹೊರತೆಗೆದು ತಮ್ಮ ಹಳೆಯ ಚಿತ್ರವನ್ನು ಕಾಪಾಡಿಕೊಂಡಿರುತ್ತಾರೆ. ಅದೇ ತಾಂಡಾದ ಇನ್ನೊಬ್ಬ ಹುಡುಗ ನಾಪಾಸಾದರೆ ಚಿತ್ರಕ್ಕೆ ಇನ್ನೊಂದು ಪುರಾವೆ ಸಿಕ್ಕಂತಾಯಿತು. ಈ ಕ್ರಮವನ್ನು ಥಾಮಸ್ ಪೆಟ್ಟಿಗ್ರೂ 1979ರಲ್ಲಿ ಸ್ಪಷ್ಟವಾಗಿ ವಿವರಿಸಿದರು: ಹೊರಗಿನ ಗುಂಪಿನವರ ತಪ್ಪು ಅವರ ಹುಟ್ಟುಗುಣವೆನಿಸುತ್ತದೆ, ಅವರ ಸಾಧನೆ ಅದೃಷ್ಟ, ರಿಯಾಯಿತಿ ಅಥವಾ ಅಪವಾದವೆನಿಸುತ್ತದೆ, ನಮ್ಮವರ ವಿಷಯದಲ್ಲಿ ಲೆಕ್ಕ ಉಲ್ಟಾ ಆಗುತ್ತದೆ. ಮೀಸಲಾತಿಯ ಬಗ್ಗೆ ನಡೆಯುವ ಮಾತುಗಳನ್ನು ಗಮನವಿಟ್ಟು ಕೇಳಿದವರಿಗೆ ಇದಕ್ಕೆ ಬೇರೆ ಉದಾಹರಣೆ ಬೇಕಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ, ಈ ಚಿತ್ರಗಳಲ್ಲಿ ಸ್ವಲ್ಪವಾದರೂ ನಿಜವಿಲ್ಲವೇ ಎಂದು ಬಹಳ ಜನ ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ಕೊಡಲು ನಮ್ಮ ಪ್ರದೇಶಕ್ಕಿಂತ ಒಳ್ಳೆಯ ಉದಾಹರಣೆ ಸಿಗದು, ಯಾಕೆಂದರೆ ನಾವೇ ಅಂತಹ ಒಂದು ಚಿತ್ರದೊಳಗೆ ಬದುಕುತ್ತಿದ್ದೇವೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರಷ್ಟಿದ್ದು, ರಾಜ್ಯದಲ್ಲಿಯೇ ಕಡಿಮೆಯಾಗಿತ್ತು. ಈ ಅಂಕಿ ನಿಜ. ಆದರೆ ಅದರಿಂದ "ಆ ಕಡೆಯವರಿಗೆ ಓದು ಹತ್ತುವುದಿಲ್ಲ" ಎಂಬ ತೀರ್ಮಾನಕ್ಕೆ ಹಾರುವುದು ಸುಳ್ಳು. 1948ರ ಸೆಪ್ಟೆಂಬರ್ 17ರವರೆಗೆ ಈ ನಾಡು ನಿಜಾಮರ ಆಳ್ವಿಕೆಯಲ್ಲಿತ್ತು, ಆಡಳಿತದ ಭಾಷೆ ಉರ್ದುವಾಗಿತ್ತು, ಕನ್ನಡದಲ್ಲಿ ಕಲಿಯುವ ಅವಕಾಶ ಬಹಳ ಕಡಿಮೆಯಿತ್ತು. ಆನಂತರದ ಅರ್ಧ ಶತಮಾನದ ಹಂಚಿಕೆಯೂ ಸಮನಾಗಿರಲಿಲ್ಲ ಎಂಬುದನ್ನು 2002ರಲ್ಲಿ ವರದಿ ನೀಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿ ತೋರಿಸಿತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ಅಂದಿನ ಗುಲಬರ್ಗಾ ವಿಭಾಗದವೇ ಆಗಿದ್ದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು ಈ ಅಸಮತೆಯನ್ನು ಒಪ್ಪಿಕೊಂಡ ಮೇಲೆಯೇ. ಅಂದರೆ ಸರಾಸರಿಯ ಹಿಂದೆ ಒಂದು ಚರಿತ್ರೆಯಿರುತ್ತದೆ, ಪೂರ್ವಗ್ರಹ ಆ ಚರಿತ್ರೆಯನ್ನು ಅಳಿಸಿ ಅದರ ಜಾಗದಲ್ಲಿ ಸ್ವಭಾವವನ್ನು ಬರೆಯುತ್ತದೆ. ಎರಡನೆಯದಾಗಿ, ಸರಾಸರಿ ಎಂಬುದು ಎದುರಿಗೆ ನಿಂತ ಒಬ್ಬ ವ್ಯಕ್ತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬೆಂಗಳೂರಿನ ಕಚೇರಿಯಲ್ಲಿ "ಬರ್ಲಾಕ್ ಹತ್ತೀನ್ರಿ" ಎಂದಾಗ ಸುತ್ತಲಿನವರು ನಕ್ಕು ಅನುಕರಿಸಿದರೆ ಆಗುವ ನೋವು ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಹುಡುಗರಿಗೆ ಚೆನ್ನಾಗಿ ಗೊತ್ತಿದೆ. ಮಾತಿನ ಧಾಟಿ ಕೇಳಿದ ಕೂಡಲೇ ಬುದ್ಧಿಯನ್ನೂ ಅಳೆದುಬಿಡುವ ಆ ನಗೆ ಪೂರ್ವಗ್ರಹವೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದೇ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ, ತಮ್ಮ ಓಣಿಗೆ ಬಾಡಿಗೆಗೆ ಬಂದವರ ಅಡ್ಡಹೆಸರು ವಿಚಾರಿಸುವುದು ಮಾತ್ರ ಪೂರ್ವಗ್ರಹವೆಂದು ಅನಿಸುವುದಿಲ್ಲ. ಅದು ಪದ್ಧತಿ ಎನಿಸುತ್ತದೆ. ತಾನು ಅನುಭವಿಸಿದ ಅವಮಾನ ತಾನಾಗಿಯೇ ಮನುಷ್ಯನನ್ನು ನ್ಯಾಯವಂತನನ್ನಾಗಿ ಮಾಡುವುದಿಲ್ಲ ಎಂಬುದು ಈ ವಿಷಯದ ಅತ್ಯಂತ ಕಹಿಯಾದ ಭಾಗ ಎಂದು ನನಗೆ ಅನಿಸಿದೆ.

ಅಡ್ಡಹೆಸರಿನ ಪ್ರಶ್ನೆ ಮನೆಯ ಬಾಗಿಲಿಗೇ ನಿಲ್ಲುವುದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತುಗಳಿಗೆ ಸಮಾನ ಓದು ಮತ್ತು ಅರ್ಹತೆಯುಳ್ಳ ಅರ್ಜಿಗಳನ್ನು, ಹೆಸರನ್ನು ಮಾತ್ರ ಬದಲಿಸಿ, ಅಂಚೆಯಲ್ಲಿ ಕಳುಹಿಸಲಾಯಿತು. ಮೇಲ್ಜಾತಿಯೆಂದು ಗುರುತಿಸಬಹುದಾದ ಹೆಸರಿನೊಡನೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿನ ಅರ್ಜಿಗೆ ಸುಮಾರು ಮೂರನೇ ಒಂದರಷ್ಟು ಮಾತ್ರವಿತ್ತು. ಹಾನಿ ಹೊರಗಿನಿಂದ ಮಾತ್ರ ಆಗುವುದೂ ಇಲ್ಲ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಆರು ಮತ್ತು ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. ಜಾತಿ ಹೇಳದೆ ಇದ್ದಾಗ ಮೇಲ್ಜಾತಿಯ ಹುಡುಗರೂ ಕೆಳಜಾತಿಯ ಹುಡುಗರೂ ಒಂದೇ ಸಮ ಬಿಡಿಸಿದರು. ಎಲ್ಲರ ಮುಂದೆ ಪ್ರತಿಯೊಬ್ಬನ ಹೆಸರಿನೊಂದಿಗೆ ಜಾತಿಯನ್ನೂ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಗಮನಾರ್ಹವಾಗಿ ಕುಸಿಯಿತು. ಸ್ಕಾಲರ್‌ಶಿಪ್ ಪಟ್ಟಿಯನ್ನು ತರಗತಿಯಲ್ಲಿ ಜಾತಿವಾರು ಗಟ್ಟಿಯಾಗಿ ಓದುವ ಶಾಲೆಗಳು ಈ ಫಲಿತಾಂಶವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅದನ್ನು ಸೂಚನಾ ಚೀಟಿಯ ಮೂಲಕ ಒಬ್ಬೊಬ್ಬರಿಗೇ ತಿಳಿಸುವುದಕ್ಕೆ ಖರ್ಚೇನೂ ಇಲ್ಲ.

ಪೂರ್ವಗ್ರಹ ಕುಗ್ಗಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗ ನಮ್ಮ ಭಾಗದವರು ಹೆಮ್ಮೆಯಿಂದ ಕೊಡುವ ಉತ್ತರ ನಮ್ಮ ಕೂಡುಬಾಳ್ವೆಯದು. ಖಾಜಾ ಬಂದೇನವಾಜರ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಳ್ಳುತ್ತಾರೆ. ಬೀದರ್ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಉರುಸಿಗೆ ಜಂಗಮರು ಬರುತ್ತಾರೆ. ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರರು ಹಿಂದೂಗಳಿಗೂ ಮುಸ್ಲಿಮರಿಗೂ ಸೇರಿದವರು. ಈ ಪರಂಪರೆ ಅಮೂಲ್ಯವಾದದ್ದು, ಅದನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ. ಆದರೆ ಸಿಖ್ಖರ ಪವಿತ್ರ ಸ್ಥಳವಾದ ಗುರುನಾನಕ್ ಝೀರಾ ಇರುವ ಬೀದರ್ ನಗರದಲ್ಲಿಯೇ 1988ರ ಸೆಪ್ಟೆಂಬರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ಹಿಂಸಾಚಾರ ನಡೆದು ಜೀವಹಾನಿಯಾಯಿತು ಎಂಬುದನ್ನೂ ನೆನಪಿಡಬೇಕು. ಪವಿತ್ರ ಸ್ಥಳವೊಂದನ್ನು ಹಂಚಿಕೊಂಡಿರುವುದರಿಂದಲೇ ಮನಸ್ಸುಗಳು ಹತ್ತಿರವಾಗಿವೆ ಎಂದು ತಿಳಿಯುವಂತಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಬೇರೆ ಗುಂಪಿನವರ ಸಂಪರ್ಕದಿಂದ ಪೂರ್ವಗ್ರಹ ಕಡಿಮೆಯಾಗುತ್ತದೆ, ಆದರೆ ಯಾವ ಸಂಪರ್ಕದಿಂದಲಾದರೂ ಅಲ್ಲ ಎಂಬುದು ಅವರ ವಾದ. ಆ ಸಂದರ್ಭದಲ್ಲಿ ಇಬ್ಬರ ಸ್ಥಾನಮಾನವೂ ಸಮನಾಗಿರಬೇಕು, ಇಬ್ಬರಿಗೂ ಒಂದೇ ಗುರಿಯಿರಬೇಕು, ಆ ಗುರಿಗಾಗಿ ಪೈಪೋಟಿಯಿಲ್ಲದೆ ಕೂಡಿ ದುಡಿಯಬೇಕು, ಮತ್ತು ಅಧಿಕಾರ, ಕಾನೂನು ಅಥವಾ ಹಿರಿಯರ ಬೆಂಬಲ ಅದಕ್ಕೆ ಬಹಿರಂಗವಾಗಿ ಇರಬೇಕು. 2006ರಲ್ಲಿ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಂಪರ್ಕದಿಂದ ಪೂರ್ವಗ್ರಹ ಕುಗ್ಗುವುದು ಸಾಮಾನ್ಯವಾಗಿ ನಿಜವೆಂದೂ, ಈ ನಾಲ್ಕು ಷರತ್ತುಗಳು ಕೂಡಿಬಂದಲ್ಲಿ ಪರಿಣಾಮ ಹೆಚ್ಚೆಂದೂ ಕಂಡುಬಂತು.

ಈ ಷರತ್ತುಗಳನ್ನು ಹಿಡಿದು ಕಲಬುರಗಿಯ ನೆಹರೂ ಗಂಜಿಗೆ ಹೋಗಿ ನಿಲ್ಲಬೇಕು. ತೊಗರಿಯ ಸುಗ್ಗಿಯಲ್ಲಿ ರೈತ, ದಲಾಲಿ ಅಂಗಡಿಯ ಸಾವುಕಾರ, ಮುನೀಮ, ಹಮಾಲ, ಕಸಗುಡಿಸುವ ಹೆಣ್ಣುಮಗಳು, ಲಾರಿ ಚಾಲಕ ಎಲ್ಲರೂ ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿರುತ್ತಾರೆ, ಮತ್ತು ಇವರು ಬೇರೆ ಬೇರೆ ಜಾತಿ ಮತಗಳಿಗೆ ಸೇರಿದವರು. ಒಂದೇ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಮೂಟೆ ಹೊತ್ತ ಹಮಾಲರಿದ್ದಾರೆ. ಅವರ ಮತ್ತು ಸಾವುಕಾರರ ನಡುವೆ ಪ್ರೀತಿಯೂ ಇರಬಹುದು, ಕಷ್ಟಕ್ಕೆ ಹಣ ಕೊಟ್ಟ ಉಪಕಾರವೂ ಇರಬಹುದು. ಆದರೆ ಗಾದಿಯ ಮೇಲೆ ಕೂರುವವರು ಯಾರು, ಕಟ್ಟೆಯ ಕೆಳಗೆ ನಿಲ್ಲುವವರು ಯಾರು ಎಂಬುದು ಆ ಮೂವತ್ತು ವರ್ಷವೂ ದಿನಂಪ್ರತಿ ಮನನವಾಗುತ್ತಲೇ ಇರುತ್ತದೆ. ಹತ್ತಿರವಿರುವುದು ಬೇರೆ, ಸಮನಾಗಿರುವುದು ಬೇರೆ. ಮೇಲುಕೀಳಿನ ನಡುವಿನ ಸಂಪರ್ಕ ಹಳೆಯ ಚಿತ್ರವನ್ನು ಅಳಿಸುವ ಬದಲು ಅದರ ಮೇಲೆಯೇ ಇನ್ನೊಮ್ಮೆ ಗೆರೆ ಎಳೆಯುತ್ತದೆ.

ಕೂಡಿ ದುಡಿಯುವುದು ಮತ್ತು ಎದುರುಬದುರಾಗುವುದು ಎಷ್ಟು ಭಿನ್ನ ಎಂಬುದಕ್ಕೆ ಎರಡು ಪ್ರಯೋಗಗಳಿವೆ. 1954ರಲ್ಲಿ ಮುಜಾಫರ್ ಷರೀಫ್ ಅಮೆರಿಕದ ಓಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯಗಳಿಗೆ ಹಚ್ಚಿದಾಗ ಅವರು ಬಾವುಟ ಸುಡುವ, ಕೊಠಡಿಗೆ ನುಗ್ಗುವ ಮಟ್ಟಕ್ಕೆ ಹೋದರು. ಅವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದಾಗ ಸ್ನೇಹ ಹುಟ್ಟಲಿಲ್ಲ, ಅನ್ನವನ್ನೇ ಒಬ್ಬರ ಮೇಲೊಬ್ಬರು ಎಸೆದರು. ಶಿಬಿರದ ನೀರು ನಿಂತುಹೋಗಿದೆ, ಎಲ್ಲರೂ ಸೇರಿ ದೋಷ ಹುಡುಕದಿದ್ದರೆ ಯಾರಿಗೂ ನೀರಿಲ್ಲ ಎಂಬಂತಹ ಸನ್ನಿವೇಶಗಳನ್ನು ಮೇಲಿಂದ ಮೇಲೆ ತಂದಾಗ ಮಾತ್ರ ಹಗೆ ಇಳಿಯಿತು. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅವರು ಕ್ರಿಕೆಟ್ ಪಂದ್ಯಾವಳಿ ನಡೆಸಿ, ಕೆಲವು ತಂಡಗಳನ್ನು ಒಂದೇ ಜಾತಿಯವರಿಂದಲೂ ಕೆಲವನ್ನು ಬೇರೆ ಬೇರೆ ಜಾತಿಯವರಿಂದಲೂ ಕಟ್ಟಿದರು. ಒಂದೇ ತಂಡದಲ್ಲಿ ಕೂಡಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು, ಸ್ವಜಾತಿಯ ಪಕ್ಷಪಾತ ಕಡಿಮೆಯಾಯಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಮಾತ್ರ ಕಂಡವರಲ್ಲಿ ಒಡನಾಟ ಒಟ್ಟಾರೆ ಇನ್ನೂ ಕುಗ್ಗಿತು. ನಮ್ಮಲ್ಲಿ ಜಯಂತಿ, ಜಾತ್ರೆಗಳ ನೆಪದಲ್ಲಿ ಓಣಿಗೊಂದು ತಂಡ ಕಟ್ಟಿ ಪಂದ್ಯ ಇಡುವ ರೂಢಿಯಿದೆ. ಓಣಿಗಳೇ ಜಾತಿವಾರು ಇರುವ ಊರಿನಲ್ಲಿ ಅಂತಹ ಪಂದ್ಯಾವಳಿ ಸೌಹಾರ್ದದ ಹೆಸರಿನಲ್ಲಿಯೇ ನಡೆದರೂ ಅದರ ಕೆಲಸ ಬೇರೆಯಾಗಬಹುದು. ಚೀಟಿ ಎತ್ತಿ ತಂಡ ಕಟ್ಟಿದರೆ ಅದೇ ಮೈದಾನ, ಅದೇ ಹುಡುಗರು, ಪರಿಣಾಮ ಬೇರೆ.

ನಾಲ್ಕನೆಯ ಷರತ್ತಾದ ಅಧಿಕಾರದ ಬೆಂಬಲವನ್ನು ಬಸವಕಲ್ಯಾಣದ ನೆಲದಲ್ಲಿ ನಿಂತು ಮರೆಯುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪದ ಪರಂಪರೆ ಹುಟ್ಟುಹಾಕಿದ್ದು ಆಲ್‌ಪೋರ್ಟ್ ಹೇಳಿದ ಮೊದಲ ಮೂರೂ ಗುಣಗಳುಳ್ಳ ಸಂಪರ್ಕವನ್ನು: ಚಮ್ಮಾರ, ಬ್ರಾಹ್ಮಣ, ಅಂಬಿಗ, ಮಡಿವಾಳ, ಹೆಣ್ಣು, ಗಂಡು ಒಂದೇ ಸಾಲಿನಲ್ಲಿ ಕೂತು ಒಂದೇ ಗುರಿಗಾಗಿ ಮಾತಾಡಿದರು. ಆ ಸಮಾನತೆ ಹರಳಯ್ಯನವರ ಮಗ ಮತ್ತು ಮಧುವರಸರ ಮಗಳ ಮದುವೆಯವರೆಗೂ ಬೆಳೆಯಿತು. ಅಲ್ಲಿ ಬಿಜ್ಜಳನ ಅಧಿಕಾರ ಎದುರು ನಿಂತಿತು, ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು, ಶರಣರು ಕಲ್ಯಾಣ ಬಿಟ್ಟು ಚದುರಿದರು ಎಂದು ಪರಂಪರೆ ಹೇಳುತ್ತದೆ. ಮನಸ್ಸುಗಳು ಬದಲಾಗಿದ್ದವು, ಆಳುವವರು ಬದಲಾಗಿರಲಿಲ್ಲ. ಡಾ. ಅಂಬೇಡ್ಕರ್ 1936ರಲ್ಲಿ ಸಹಭೋಜನದಿಂದ ಜಾತಿ ಹೋಗುವುದಿಲ್ಲ, ಅಂತರ್ಜಾತಿ ವಿವಾಹ ಬೇಕು, ಅದಕ್ಕೂ ಹಿಂದೆ ಜಾತಿಗೆ ಪಾವಿತ್ರ್ಯ ಕೊಟ್ಟಿರುವ ನಂಬಿಕೆಯನ್ನೇ ಪ್ರಶ್ನಿಸಬೇಕು ಎಂದು ವಾದಿಸಿದ್ದು ಇದೇ ಆಳದಿಂದ. ಇಂದು ತಾರತಮ್ಯವನ್ನೂ ಅಸ್ಪೃಶ್ಯತೆಯನ್ನೂ ನಿಷೇಧಿಸುವ ಸಂವಿಧಾನದ 15 ಮತ್ತು 17ನೆಯ ವಿಧಿಗಳಿವೆ, 1989ರ ದೌರ್ಜನ್ಯ ತಡೆ ಕಾಯ್ದೆಯಿದೆ, 1954ರ ವಿಶೇಷ ವಿವಾಹ ಕಾಯ್ದೆಯಿದೆ. ಕಾನೂನು ಮನಸ್ಸನ್ನು ಬದಲಿಸುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾವುದು ನಾಚಿಕೆಯ ಕೆಲಸ ಎಂಬ ಗೆರೆಯನ್ನು ಅದು ಜಾಗ ಬದಲಿಸಿ ಎಳೆಯುತ್ತದೆ.

ಆ ಗೆರೆ ಬಹಳ ಮುಖ್ಯವಾದದ್ದು. ನರಮೇಧದ ನಂತರದ ರುವಾಂಡಾದಲ್ಲಿ ಸಮನ್ವಯದ ಕಥೆ ಹೇಳುವ ರೇಡಿಯೋ ಧಾರಾವಾಹಿಯ ಪರಿಣಾಮವನ್ನು ಎಲಿಜಬೆತ್ ಪಾಲಕ್ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಕೇಳುಗರ ಸ್ವಂತ ನಂಬಿಕೆಗಳು ಹೆಚ್ಚು ಬದಲಾಗಿರಲಿಲ್ಲ, ಆದರೆ ತಮ್ಮ ಸುತ್ತಲಿನವರು ಏನನ್ನು ಸರಿಯೆನ್ನುತ್ತಾರೆ ಎಂಬ ಅಂದಾಜು ಬದಲಾಗಿತ್ತು, ಅದರೊಂದಿಗೆ ನಡತೆಯೂ ಬದಲಾಗಿತ್ತು. ಹೋಟೆಲಿನ ಬೆಂಚಿನ ಮೇಲೆ ಯಾರೋ ಒಬ್ಬರು ಒಂದು ಸಮುದಾಯವನ್ನು ಹಳಿದಾಗ ಉಳಿದವರು ಸುಮ್ಮನಿದ್ದರೆ, ಪ್ರತಿಯೊಬ್ಬರೂ ಉಳಿದವರೆಲ್ಲ ಒಪ್ಪಿದ್ದಾರೆ ಎಂದೇ ತಿಳಿಯುತ್ತಾರೆ. "ಹಂಗ ಅನಬ್ಯಾಡ್ರಿ ಕಾಕಾ" ಎಂಬ ಒಂದು ಮಾತು ಹಳಿದವರನ್ನು ಬದಲಿಸದೆ ಇರಬಹುದು, ಕೇಳುತ್ತ ಕೂತವರ ಅಂದಾಜನ್ನು ಬದಲಿಸುತ್ತದೆ. ಹಾಗೆಂದು ವಾದಕ್ಕಿಳಿದು ಸೋಲಿಸುವುದರಿಂದ ಪ್ರಯೋಜನ ಕಡಿಮೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತನ್ನನ್ನು ಯಾರಾದರೂ ಬೇರೆಯೆಂದು ಕಂಡು ತೀರ್ಪು ಕೊಟ್ಟ ಸಂದರ್ಭವನ್ನು ಎದುರಿನವರೇ ನೆನಪಿಸಿಕೊಂಡು ಹೇಳುವಂತೆ ಮಾಡಿದ ಸುಮಾರು ಹತ್ತು ನಿಮಿಷದ ಮಾತುಕತೆಯ ಪ್ರಭಾವ ಮೂರು ತಿಂಗಳಾದರೂ ಉಳಿದಿತ್ತು. ಬೆಂಗಳೂರಿನಲ್ಲಿ ತಮ್ಮ ಮಾತಿಗೆ ನಕ್ಕವರ ನೆನಪಿರುವ ನಮ್ಮ ಹುಡುಗರೊಂದಿಗೆ ಇಂತಹ ಮಾತುಕತೆ ಆರಂಭಿಸುವುದು ಕಷ್ಟವಲ್ಲ. ಮೇಲೆ ಹೇಳಿದ ಅನುಭವ ತಾನಾಗಿ ನ್ಯಾಯವನ್ನು ಕಲಿಸದು, ಯಾರಾದರೂ ಕೇಳಿ ನೆನಪಿಸಬೇಕಾಗುತ್ತದೆ.

ಶಾಲೆಗಳಲ್ಲಿ ಹೆಚ್ಚಿನದನ್ನು ಮಾಡಬಹುದು, ಮತ್ತು ಅದು ಭಾಷಣದಿಂದ ಆಗುವಂಥದ್ದಲ್ಲ. ದೆಹಲಿಯ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಕೊಡಬೇಕಾಗಿ ಬಂದಾಗ ಗೌತಮ್ ರಾವ್ ಅದರ ಪರಿಣಾಮವನ್ನು ಅಳೆದರು. ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡ ಸಹಪಾಠಿಗಳನ್ನು ದೂರವಿಡುವುದು ಕಡಿಮೆಯಾಯಿತು. ಇಂಗ್ಲಿಷ್ ಅಂಕಗಳಲ್ಲಿ ಅಲ್ಪ ಇಳಿಕೆ ಬಿಟ್ಟರೆ ಗಣಿತ, ಹಿಂದಿಯಲ್ಲಿ ಪೋಷಕರು ಹೆದರಿದ ನಷ್ಟ ಆಗಲಿಲ್ಲ. ಹಾಜರಿ ಪಟ್ಟಿಯ ಅಕ್ಷರಕ್ರಮದಲ್ಲಿ ಓದಿನ ಗುಂಪು ಮಾಡಿದ್ದರಿಂದ ಬಡ ಮಕ್ಕಳೊಂದಿಗೆ ನಿಜವಾಗಿ ಕೂಡಿ ಕೂತವರಲ್ಲಿ ಈ ಬದಲಾವಣೆ ಕಾಣಿಸಿತು. ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ 1971ರಲ್ಲಿ ಎಲಿಯಟ್ ಆರನ್ಸನ್ ಪಾಠವನ್ನು ತುಣುಕು ಮಾಡಿ ಪ್ರತಿ ಮಗುವಿಗೆ ಒಂದೊಂದು ತುಣುಕು ಕೊಟ್ಟಿದ್ದೂ ಇದೇ ಉದ್ದೇಶದಿಂದ. ಪಕ್ಕದವನ ತುಣುಕು ಕೇಳದೆ ಯಾರಿಗೂ ಪಾಠ ಪೂರ್ತಿಯಾಗುವುದಿಲ್ಲ. ನಮ್ಮ ಹಾಸ್ಟೆಲುಗಳಲ್ಲಿ ಕೊಠಡಿಯನ್ನು ವಾರ್ಡನ್ ಅಕ್ಷರಕ್ರಮದಲ್ಲಿ ಹಂಚಬಹುದು, ಬಿಸಿಯೂಟ ಬಡಿಸುವ ಸರದಿಯಲ್ಲಿ ಎಲ್ಲ ಮನೆಯ ಮಕ್ಕಳ ಹೆಸರೂ ಇರಬಹುದು. ಅಡುಗೆಯವರ ಜಾತಿಯ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಕಳುಹಿಸದ ಪೋಷಕರು ಎದುರಾದ ಕಡೆ, ಮುಖ್ಯೋಪಾಧ್ಯಾಯರು ತಾವೇ ಮೊದಲು ತಟ್ಟೆ ಹಿಡಿದು ಕೂರುವುದು ಅಧಿಕಾರದ ಬೆಂಬಲದ ಅತ್ಯಂತ ಸರಳ ರೂಪ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ತಾಮರ್ ಸಾಗಿ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಸಾಮ್ಯಗಳ ಬಗ್ಗೆ ಮಾತ್ರ ಮಾತಾಡುವ ಹಿತವಾದ ಸಂಪರ್ಕ ದುರ್ಬಲ ಗುಂಪಿನವರಲ್ಲಿ ಇನ್ನು ನಮಗೆ ನ್ಯಾಯ ಸಿಗುತ್ತದೆ ಎಂಬ ನಿರೀಕ್ಷೆ ಹುಟ್ಟಿಸುತ್ತದೆ, ಬಲವುಳ್ಳವರು ಮಾತ್ರ ಹಂಚಿಕೆಯಲ್ಲಿ ಆ ನಿರೀಕ್ಷೆಯನ್ನು ಪೂರೈಸುವುದಿಲ್ಲ. ಆದ್ದರಿಂದ ಸ್ನೇಹ ಬೆಳೆಯುತ್ತಿದೆ ಎಂಬ ಕಾರಣಕ್ಕೆ ಜಮೀನು, ಕೂಲಿ, ನೀರಿನ ಹಕ್ಕಿನ ಮಾತನ್ನು ಬದಿಗಿಡುವಂತಿಲ್ಲ. ಮನಸ್ಸು ಬದಲಾಗುವವರೆಗೆ ಕಾಯದೆ ಪೂರ್ವಗ್ರಹದ ಕೈ ಕಟ್ಟುವ ದಾರಿಗಳೂ ಇವೆ: ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆ, ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳು, ಅರ್ಜಿಯ ಮೊದಲ ಪರಿಶೀಲನೆಯಲ್ಲಿ ಅಡ್ಡಹೆಸರು ಮರೆಯಾಗಿರುವುದು.

ಸಮಯದ ಪ್ರಶ್ನೆಯೂ ಇದೆ. ಕರ್ನಾಟಕ 2010ರಲ್ಲಿ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 50ರಷ್ಟು ಸ್ಥಾನ ಮೀಸಲಿಟ್ಟಿತು, ಮತ್ತು ಮೊದಲ ಸಲ ಅಧ್ಯಕ್ಷೆಯಾದ ಹೆಣ್ಣುಮಕ್ಕಳನ್ನು ಹೆಬ್ಬೆಟ್ಟಿನವರೆಂದೂ, ಗಂಡನ ಕೈಗೊಂಬೆಯೆಂದೂ ಹೀಗಳೆಯುವುದು ಇನ್ನೂ ನಿಂತಿಲ್ಲ. ಪಶ್ಚಿಮ ಬಂಗಾಳದಲ್ಲಿ ಲೋರಿ ಬೀಮನ್, ಎಸ್ತರ್ ಡಫ್ಲೋ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷಣವನ್ನು ಗಂಡಿನ ಮತ್ತು ಹೆಣ್ಣಿನ ಧ್ವನಿಯಲ್ಲಿ ಹಳ್ಳಿಗರಿಗೆ ಕೇಳಿಸಲಾಯಿತು. ಮಹಿಳಾ ಮುಖ್ಯಸ್ಥರನ್ನು ಎಂದೂ ಕಾಣದ ಹಳ್ಳಿಗಳಲ್ಲಿ ಗಂಡಸರು ಹೆಣ್ಣಿನ ಧ್ವನಿಗೆ ಕಡಿಮೆ ಅಂಕ ಕೊಟ್ಟರು, ಕಂಡ ಹಳ್ಳಿಗಳಲ್ಲಿ ಆ ವ್ಯತ್ಯಾಸ ಬಹುಮಟ್ಟಿಗೆ ಇಲ್ಲವಾಗಿತ್ತು. ಆದರೆ ಮೀಸಲಿಲ್ಲದ ಸ್ಥಾನಗಳಲ್ಲಿಯೂ ಮಹಿಳೆಯರು ನಿಂತು ಗೆಲ್ಲುವುದು ಸ್ಪಷ್ಟವಾಗಿ ಹೆಚ್ಚಿದ್ದು, ಎರಡು ಅವಧಿ ಸತತವಾಗಿ ಮೀಸಲಾತಿ ಇದ್ದ ಪಂಚಾಯಿತಿಗಳಲ್ಲಿ. ಅಧ್ಯಕ್ಷ ಸ್ಥಾನದ ಮೀಸಲಾತಿಯನ್ನು ಸರದಿಯಂತೆ ಬೇಗ ಬೇಗ ಬದಲಿಸುವ ನಮ್ಮ ಕ್ರಮವನ್ನು ಈ ಒಂದು ಕಾರಣಕ್ಕಾದರೂ ಮರುಪರಿಶೀಲಿಸಬೇಕು.